ಕ್ಯೋಟೋದಲ್ಲಿ ಕೈಸೆಕಿ ಊಟ: ಬುಕಿಂಗ್‌ನಿಂದ ಬಿಲ್ಲಿನವರೆಗೆ

ಕೈಸೆಕಿ ಎಂದರೆ ಋತುವಿಗೆ ತಕ್ಕ ಸಣ್ಣ ಸಣ್ಣ ಬಗೆಗಳನ್ನು ಒಂದಾದ ಮೇಲೊಂದರಂತೆ ಬಡಿಸುವ ಜಪಾನೀ ಊಟ. ಅದು ಕೆಡುವುದು ಹೆಚ್ಚಾಗಿ ಎರಡು ಕಡೆ. ಸೀಟು ಕಾಯ್ದಿರಿಸುವಾಗ ಹೇಳಬೇಕಾದ್ದನ್ನು ಹೇಳದೆ ಬಿಟ್ಟಾಗ, ಮತ್ತು ಬಿಸಿಯಾಗಿ ಬಂದದ್ದನ್ನು ಆರಲು ಬಿಟ್ಟಾಗ. ಚಾಪ್‌ಸ್ಟಿಕ್ ಹಿಡಿಯಲು ಬರುವುದಿಲ್ಲ, ಮಂಡಿಯೂರಿ ಕೂರಲು ಆಗುವುದಿಲ್ಲ ಎಂಬ ಭಯಗಳೆಲ್ಲ ಇವೆರಡರ ಮುಂದೆ ಸಣ್ಣವು. ಹೊರದೇಶದವರ ಕೈಯಿಂದ ಒಂದು ತುಂಡು ಜಾರಿ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಎಂಟೇ ಸೀಟಿನ ಜಾಗದಲ್ಲಿ ಬಂದು ಕುಳಿತ ಮೇಲೆ "ನಾವು ಮೀನು ತಿನ್ನುವುದಿಲ್ಲ" ಎಂದರೆ ಅಡುಗೆಯವನ ಕೈ ಕಟ್ಟಿಹಾಕಿದಂತೆಯೇ. ಅಂದಿನ ಮೀನು, ಅಂದಿನ ತರಕಾರಿ, ಅಂದಿನ ಸಾರಿನ ಕಟ್ಟು ಎಲ್ಲವೂ ತಲೆ ಲೆಕ್ಕದಲ್ಲಿ ಬೆಳಿಗ್ಗೆಯೇ ತಯಾರಾಗಿರುತ್ತವೆ. ಬದಲಿಗೆ ಕೊಡಲು ಒಳಗೆ ಏನೂ ಇರುವುದಿಲ್ಲ.

ಎಂಥ ಜಾಗ ಆರಿಸಿಕೊಳ್ಳಬೇಕು

ಕೈಸೆಕಿ ಬಡಿಸುವ ಜಾಗಗಳು ಸ್ಥೂಲವಾಗಿ ಎರಡು ಬಗೆ. ರ್ಯೋತೇ ಎನ್ನುವಲ್ಲಿ ತೋಟ, ತತಾಮಿ ಚಾಪೆ ಹಾಸಿದ ಪ್ರತ್ಯೇಕ ಕೋಣೆ, ಕಿಮೋನೊ ಉಟ್ಟು ಬಡಿಸುವ ನಕಾಯ್ ಇರುತ್ತಾರೆ. ಅಡುಗೆಮನೆ ಕಣ್ಣಿಗೆ ಬೀಳುವುದಿಲ್ಲ. ನಾನ್‌ಜೆನ್‌ಜಿ ದೇವಾಲಯದ ಹತ್ತಿರದ ಹ್ಯೋತೇ, ಹಿಗಾಶಿಯಾಮಾ ಕಡೆಯ 1912ರ ಕಿಕುನೊಯ್ ಈ ಬಗೆಯ ಹೆಸರಾಂತ ಮನೆಗಳು. ಇನ್ನೊಂದು ಕಪ್ಪೋ: ಹಿನೊಕಿ ಮರದ ಒಂದು ಉದ್ದನೆಯ ಕೌಂಟರ್, ಎಂಟರಿಂದ ಹನ್ನೆರಡು ಸೀಟು, ಎದುರಿಗೇ ನಿಂತು ಕೊಯ್ದು ಸುಟ್ಟು ಬಡಿಸುವ ಬಾಣಸಿಗ. ಅವನನ್ನು ತಾಯ್ಶೋ ಎಂದು ಕರೆಯುತ್ತಾರೆ.

ಮೊದಲ ಸಲಕ್ಕೆ ಕೌಂಟರೇ ಮೇಲು. ಪಕ್ಕದವರು ಯಾವುದನ್ನು ಹೇಗೆ ಎತ್ತುತ್ತಾರೆ ಎಂದು ನೋಡಿ ಕಲಿಯಬಹುದು, ಕಾಲು ಇಳಿಬಿಟ್ಟು ಕುರ್ಚಿಯ ಮೇಲೆ ಕೂರಬಹುದು, ಬಾಣಸಿಗನಿಗೂ ನೀವು ಎಷ್ಟು ಬೇಗ ತಿನ್ನುತ್ತೀರಿ ಎನ್ನುವುದು ಕಾಣುತ್ತದೆ. ಮಕ್ಕಳು ಜೊತೆಗಿದ್ದರೆ ಕೌಂಟರ್ ಬೇಡ, ಬಹಳಷ್ಟು ಕಡೆ ಚಿಕ್ಕ ಮಕ್ಕಳನ್ನು ಬಿಡುವುದೂ ಇಲ್ಲ. ಕೋಣೆ ಇರುವ ರ್ಯೋತೇ ಹುಡುಕಿ.

ರಾತ್ರಿಯ ಊಟ ಸಾಮಾನ್ಯವಾಗಿ ತಲೆಗೆ 15,000 ಯೆನ್‌ನಿಂದ 40,000 ಯೆನ್, ಹೆಸರಾದ ಮನೆಗಳಲ್ಲಿ ಇನ್ನೂ ಮೇಲೆ. ಅದೇ ಅಡುಗೆಮನೆಯ ಮಧ್ಯಾಹ್ನದ ಊಟ 6,000ದಿಂದ 15,000 ಯೆನ್‌ಗೆ ಸಿಗಬಹುದು. ಎರಡು ಮೂರು ಬಗೆ ಕಡಿಮೆ ಇರುತ್ತವೆ, ಕಟ್ಟು ಮಾತ್ರ ಅದೇ. ಹಣದ ಯೋಚನೆ ಇದ್ದರೆ ಮಧ್ಯಾಹ್ನವೇ ಹೋಗಿ, ಅದರಲ್ಲಿ ಸಂಕೋಚ ಬೇಡ.

ಯಾವ ತಿಂಗಳು ಎನ್ನುವುದೂ ಮುಖ್ಯ, ಏಕೆಂದರೆ ಇಲ್ಲಿ ಮೆನು ಕೈಗೆ ಕೊಟ್ಟು ಆರಿಸಿಕೊಳ್ಳಿ ಎನ್ನುವ ಪದ್ಧತಿಯಿಲ್ಲ. ತಿಂಗಳು ಬದಲಾದಂತೆ ಊಟ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಕ್ಯೋಟೋ ಪಶ್ಚಿಮದ ಎಳೆ ಕಳಲೆ ಮತ್ತು ತಾಯ್ ಮೀನು. ಜೂನ್‌ನಿಂದ ನದಿಯ ಆಯು ಮೀನು. ಜುಲೈನಲ್ಲಿ, ಗಿಯೋನ್ ಉತ್ಸವದ ಹೊತ್ತಿಗೆ, ಹಾಮೊ ಎಂಬ ಹಾವುಮೀನು. ಇದರ ಮೈತುಂಬ ಕೂದಲಿನಂಥ ಮುಳ್ಳು, ತೆಗೆಯಲು ಬರುವುದಿಲ್ಲ, ಹಾಗಾಗಿ ಚರ್ಮ ಕತ್ತರಿಸದಂತೆ ಮೂರು ಸೆಂಟಿಮೀಟರಿಗೆ 24ರಷ್ಟು ಗೀರು ಹಾಕಿ ಮುಳ್ಳನ್ನೇ ಪುಡಿ ಮಾಡುತ್ತಾರೆ. ಕೌಂಟರಿನಲ್ಲಿ ಕುಳಿತರೆ ಆ ಚಾಕುವಿನ ಸದ್ದು ಕೇಳಿಸುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಮತ್ಸುತಾಕೆ ಅಣಬೆ. ಜಪಾನ್ ಸಮುದ್ರದ ಏಡಿ ಹಿಡಿಯುವ ಅವಧಿ ನವೆಂಬರ್ 6ಕ್ಕೆ ತೆರೆಯುತ್ತದೆ, ಅಲ್ಲಿಂದ ಬೆಲೆಯೂ ಏರುತ್ತದೆ. ಡಿಸೆಂಬರ್, ಜನವರಿಯಲ್ಲಿ ಶೋಗೊಯಿನ್ ಎಂಬ ದೊಡ್ಡ ಟರ್ನಿಪ್ ಗೆಡ್ಡೆಯನ್ನು ತುರಿದು, ಮೀನಿನ ಮೇಲೆ ಹೊದಿಸಿ ಹಬೆಯಲ್ಲಿ ಬೇಯಿಸಿದ ಕಬುರಾಮುಶಿ. ಹಸಿ ಮೀನಿನ ಬಗ್ಗೆ ಅಳುಕಿರುವವರಿಗೆ ಚಳಿಗಾಲ ಅನುಕೂಲ, ಬಿಸಿ ಬಗೆಗಳು ಜಾಸ್ತಿ.

ಕಾಯ್ದಿರಿಸುವುದು

ಒಂದರಿಂದ ಮೂರು ತಿಂಗಳು ಮೊದಲೇ ಶುರುಮಾಡಿ. ಹಲವು ರೆಸ್ಟೋರೆಂಟ್‌ಗಳು ಮುಂದಿನ ತಿಂಗಳ ಸೀಟುಗಳನ್ನು ಒಂದೇ ದಿನ, ಗೊತ್ತಾದ ಹೊತ್ತಿಗೆ ತೆರೆಯುತ್ತವೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ; ಅಲ್ಲಿ ಬೆಳಿಗ್ಗೆ 10 ಎಂದರೆ ಬೆಂಗಳೂರಿನಲ್ಲಿ 6:30. ಒಂಬತ್ತಕ್ಕೆ ಎದ್ದು ನೋಡಿದರೆ ಎಲ್ಲ ಮುಗಿದಿರುತ್ತದೆ.

ದಾರಿ ಮೂರು. ಟೇಬಲ್‌ಚೆಕ್, ಒಮಾಕಾಸೆ, ಪಾಕೆಟ್ ಕಾನ್ಸಿಯರ್ಜ್‌ನಂಥ ಆನ್‌ಲೈನ್ ಸೇವೆಗಳು, ನೀವು ತಂಗುವ ಹೋಟೆಲಿನ ಕೌಂಟರ್, ನೇರ ಫೋನ್. ಜಪಾನೀ ಭಾಷೆ ಬಾರದಿದ್ದರೆ ಮೂರನೆಯದು ಬಿಡಿ. ಹೋಟೆಲಿನ ಮೂಲಕ ಮಾಡಿಸುವುದಕ್ಕೆ ಒಂದು ಹೆಚ್ಚಿನ ಲಾಭ ಇದೆ: ನೀವು ಬಾರದೆ ಹೋದರೆ ಕೇಳಲು ರೆಸ್ಟೋರೆಂಟಿನವರಿಗೊಂದು ನಂಬರ್ ಇರುತ್ತದೆ, ಹಾಗಾಗಿ ಹೊರದೇಶದವರ ಬುಕಿಂಗ್ ತೆಗೆದುಕೊಳ್ಳದ ರೆಸ್ಟೋರೆಂಟ್ ಕೂಡ ಹೋಟೆಲು ಕೇಳಿದರೆ ಒಪ್ಪಬಹುದು. ಪರಿಚಯದವರ ಮಾತಿಲ್ಲದೆ ಹೊಸಬರನ್ನು ಸೇರಿಸದ ಮನೆಗಳೂ ಕ್ಯೋಟೋದಲ್ಲಿವೆ. ಅಲ್ಲಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಲೂ ಬೇಡಿ.

ಬುಕಿಂಗ್ ಟಿಪ್ಪಣಿಯಲ್ಲಿ ಹೋಗಬೇಕಾದ್ದು: ಎಷ್ಟು ಜನ, ಯಾರಿಗೆ ಏನು ಆಗದು, ಎಡಗೈಯವರು ಇದ್ದಾರೆಯೇ (ಚಾಪ್‌ಸ್ಟಿಕ್ ಎಡಕ್ಕೆ ತಿರುಗಿಸಿ ಇಡುತ್ತಾರೆ), ಮದ್ಯ ಕುಡಿಯುತ್ತೀರೋ ಇಲ್ಲವೋ, ನೆಲದ ಮೇಲೆ ಕೂರಲಾಗದ ಹಿರಿಯರು ಇದ್ದಾರೆಯೇ. "ಏನು ಆಗದು" ಎನ್ನುವುದನ್ನು ಪದಾರ್ಥದ ಹೆಸರು ಹಿಡಿದು ಬರೆಯಿರಿ. ದನದ ಮಾಂಸ ತಿನ್ನದವರು ಅದನ್ನು ಬೇರೆಯಾಗಿ ಹೇಳಲೇಬೇಕು, ಇತ್ತೀಚಿನ ಎಷ್ಟೋ ಕೈಸೆಕಿಗಳಲ್ಲಿ ವಾಗ್ಯು ಒಂದು ಬಗೆಯಾಗಿ ಬರುತ್ತದೆ. ಚಳಿಗಾಲದಲ್ಲಿ ಬಾತುಕೋಳಿ ಬರುತ್ತದೆ. ಮೀನು ತಿನ್ನುತ್ತೇವೆ, ಹಸಿಯದು ಬೇಡ ಎಂದಾದರೆ ಅದೂ ಸರಿ, ಮೊದಲೇ ಗೊತ್ತಿದ್ದರೆ ಸುಟ್ಟೋ ಬಿಸಿನೀರಿಗೆ ಅದ್ದಿಯೋ ಕೊಡುತ್ತಾರೆ. ಅಲರ್ಜಿಯನ್ನೂ ಇಷ್ಟವಿಲ್ಲದ್ದನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ. ಅಲರ್ಜಿ ಎಂದರೆ ಒಂದು ಪಾತ್ರೆಯನ್ನೇ ಬೇರೆ ಇಡಬೇಕಾಗುತ್ತದೆ.

ರದ್ದು ಮಾಡಿದರೆ ದಂಡ ನಿಜವಾಗಿಯೂ ಹಾಕುತ್ತಾರೆ. ಕೆಲವು ದಿನ ಮೊದಲು ಅರ್ಧ, ಅದೇ ದಿನವಾದರೆ ಪೂರ್ತಿ ಎನ್ನುವುದು ಸಾಮಾನ್ಯ. ನಾಲ್ವರಲ್ಲಿ ಒಬ್ಬರು ಬರದಿದ್ದರೂ ಆ ಒಬ್ಬರ ದುಡ್ಡು ಹೋಗುತ್ತದೆ. ವಿಮಾನ ಇಳಿಯುವ ದಿನದ ರಾತ್ರಿಗೆ ಮಾತ್ರ ಬುಕ್ ಮಾಡಬೇಡಿ: ವಿಮಾನ ತಡವಾದೀತು, ಆಗದಿದ್ದರೂ ನಿದ್ದೆಗೆಟ್ಟ ನಾಲಿಗೆಗೆ ಈ ಊಟದ ಮೆಲುರುಚಿ ಹತ್ತುವುದಿಲ್ಲ.

ಸಸ್ಯಾಹಾರಿಗಳು ಓದಬೇಕಾದ ಭಾಗ

ಕೈಸೆಕಿಯ ತಳಪಾಯ ದಾಶಿ ಎಂಬ ತಿಳಿ ಕಟ್ಟು. ಕೊಂಬು ಎಂಬ ಒಣಗಿಸಿದ ಕಡಲ ಎಲೆ, ಕತ್ಸುಓಬುಶಿ ಎಂಬ ಹೊಗೆಯಾಡಿಸಿ ಒಣಗಿಸಿದ ಮೀನಿನ ತೆಳು ಚಕ್ಕೆ, ಇವೆರಡರಿಂದ ಅದು ತಯಾರಾಗುತ್ತದೆ. ಸಾರಿನಲ್ಲಿ ಮಾತ್ರವಲ್ಲ, ಬೇಯಿಸಿದ ಬದನೆಯಲ್ಲಿ, ಸೊಪ್ಪಿನಲ್ಲಿ, ಅದ್ದಿಕೊಳ್ಳುವ ರಸದಲ್ಲಿ, ಹುದುಗಿಸಿದ ಸೋಯಾದಿಂದ ಮಾಡುವ ಕೊನೆಯ ಮಿಸೊ ಸಾರಿನಲ್ಲಿ, ಕೆಲವೊಮ್ಮೆ ಅನ್ನ ಬೇಯಿಸುವ ನೀರಿನಲ್ಲೂ ಅದೇ. ದಾಶಿ ಬಿಟ್ಟು ಕೈಸೆಕಿ ಮಾಡಿ ಎನ್ನುವುದು ಬೇಳೆಕಟ್ಟೂ ಬೇಡ, ಒಗ್ಗರಣೆಯೂ ಬೇಡ, ಸಾರು ಮಾಡಿಕೊಡಿ ಎಂದಂತೆ. "ವೆಜಿಟೇರಿಯನ್" ಎಂದಷ್ಟೇ ಬರೆದರೆ ಮಾಂಸದ ತುಂಡು ಕಾಣದಂತೆ ನೋಡಿಕೊಂಡು, ಮೀನಿನ ಕಟ್ಟಿನಲ್ಲಿ ಬೆಂದ ತರಕಾರಿಯನ್ನು ಪ್ರೀತಿಯಿಂದಲೇ ಬಡಿಸುತ್ತಾರೆ. ಮೋಸವಲ್ಲ, ಅವರ ಲೆಕ್ಕ ಹಾಗೆ. ಹಾಗಾಗಿ "ಮಾಂಸ, ಮೀನು, ಸಿಗಡಿ-ಏಡಿ, ಕತ್ಸುಓ ದಾಶಿ ಯಾವುದೂ ಬೇಡ, ಕೊಂಬು ಮತ್ತು ಶಿಟಾಕೆ ಅಣಬೆಯ ದಾಶಿ ಆಗುತ್ತದೆ" ಎಂದು ಬರೆಯಿರಿ. ಒಪ್ಪುವವರು ಒಪ್ಪುತ್ತಾರೆ, ಆಗದು ಎಂದರೆ ಒತ್ತಾಯಿಸಬೇಡಿ.

ಅದಕ್ಕಿಂತ ಒಳ್ಳೆಯ ದಾರಿ ಶೋಜಿನ್ ರ್ಯೋರಿ, ಬೌದ್ಧ ಮಠಗಳ ಅಡುಗೆ. ಋತುವಿನ ಲೆಕ್ಕ, ಬಗೆಗಳ ಸಾಲು, ಪಾತ್ರೆಗಳ ಚೆಲುವು ಎಲ್ಲ ಉಂಟು, ಮೀನು-ಮಾಂಸ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಅರಾಶಿಯಾಮಾದ ತೆನ್‌ರ್ಯೂಜಿ ದೇವಾಲಯದೊಳಗಿನ ಶಿಗೆತ್ಸು ಮಧ್ಯಾಹ್ನ ಮಾತ್ರ ಬಡಿಸುತ್ತದೆ, ತೋಟದ ಟಿಕೆಟ್ ಬೇರೆ. ದಾಯ್‌ತೊಕುಜಿ ಆವರಣದ ಇಜುಸೆನ್‌ನಲ್ಲಿ ಭಿಕ್ಷಾಪಾತ್ರೆಯ ಆಕಾರದ ಕೆಂಪು ಅರಗು ಬಳಿದ ಬಟ್ಟಲುಗಳಲ್ಲಿ ಊಟ ಬರುತ್ತದೆ, ಮುಗಿದ ಮೇಲೆ ಅವು ಒಂದರೊಳಗೊಂದು ಕೂರುತ್ತವೆ. ಉಜಿಯ ಮಾನ್‌ಪುಕುಜಿಯಲ್ಲಿ ಸಿಗುವುದು ಚೀನಾ ಕಡೆಯಿಂದ ಬಂದ ಫುಚಾ ಎಂಬ ಬಗೆ, ದೊಡ್ಡ ತಟ್ಟೆಯಿಂದ ಹಂಚಿಕೊಂಡು ತಿನ್ನುವುದು. ಎಳ್ಳು ಮತ್ತು ಕುಜು ಬೇರಿನ ಹಿಟ್ಟು ಕಲಸಿ ಗಟ್ಟಿಯಾಗಿಸಿದ ಗೋಮಾದೋಫು ಎಲ್ಲಿ ಕಂಡರೂ ಬಿಡಬೇಡಿ.

ಎರಡು ಎಚ್ಚರಿಕೆ. ಶೋಜಿನ್ ಅಡುಗೆಯಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ಮತ್ತು ಮಿರಿನ್ ಎಂಬ ಸಿಹಿ ಮದ್ಯ ಬಳಸುವುದು ಮಾಮೂಲು, ಅದು ಆಗದವರು ಕೇಳಿ ತಿಳಿದುಕೊಳ್ಳಬೇಕು. ನೆಲದೊಳಗೆ ಬೆಳೆಯುವುದನ್ನು ತಿನ್ನದ ಜೈನರಿಗೆ ಮೂಲಂಗಿ, ತಾವರೆಬೇರು, ಗೋಬೊ ಬೇರುಗಳಿಂದ ಇಲ್ಲೂ ತೊಂದರೆಯೇ. ಇನ್ನೊಂದು, ನಾನ್‌ಜೆನ್‌ಜಿ ಸುತ್ತಲಿನ ಯುದೋಫು ಅಂಗಡಿಗಳು. ಮಡಕೆಯಲ್ಲಿರುವುದು ನೀರು, ಕೊಂಬು, ತೋಫು ಅಷ್ಟೇ, ನಿಜ. ಅದ್ದಿಕೊಳ್ಳಲು ಪಕ್ಕದಲ್ಲಿಡುವ ತ್ಸುಯುವಿನಲ್ಲಿ ಮಾತ್ರ ಸಾಧಾರಣವಾಗಿ ಮೀನಿನ ದಾಶಿ ಇರುತ್ತದೆ. ಬರೀ ಸೋಯಾ ಸಾಸ್ ಕೇಳಿ.

ಹೊರಡುವ ಮುಂಚೆ

ಸೂಟು ಬೂಟು ಬೇಕಿಲ್ಲ; ಚಡ್ಡಿ, ಬನಿಯನ್ ತರಹದ ಅಂಗಿ ಬೇಡ, ಅಷ್ಟೇ. ತೂತಿಲ್ಲದ ಕಾಲುಚೀಲ ಮುಖ್ಯ. ತತಾಮಿ ಮೇಲೆ ಚಪ್ಪಲಿಯೂ ಇಲ್ಲ, ಅವರೇ ಕೊಡುವ ಸ್ಲಿಪ್ಪರೂ ಇಲ್ಲ, ಬರಿಗಾಲೂ ಸರಿಯಲ್ಲ. ಲೇಸ್ ಕಟ್ಟುವ ಶೂಗಿಂತ ಕಾಲು ತೂರಿಸುವ ಶೂ ಅನುಕೂಲ, ಹೊರಡುವಾಗ ಬಾಗಿಲಲ್ಲಿ ಮೂವರು ಕಾಯುತ್ತ ನಿಂತಿರುತ್ತಾರೆ.

ಸೆಂಟು, ಅತ್ತರು, ಘಮಘಮಿಸುವ ಕೈ ಕ್ರೀಮು ಬೇಡವೇ ಬೇಡ. ಕೆಲವು ಕಡೆ ಇದನ್ನು ಬುಕಿಂಗ್ ಷರತ್ತಿನಲ್ಲೇ ಬರೆದಿರುತ್ತಾರೆ. ಯುಜು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಒಂದು ಚೂರನ್ನು ನಂಬಿ ಕಟ್ಟಿದ ಸಾರನ್ನು ಪಕ್ಕದ ಸೀಟಿನ ಸುಗಂಧ ನುಂಗಿಹಾಕುತ್ತದೆ. ಮುಡಿದ ಮಲ್ಲಿಗೆಯೂ ಇದೇ ಲೆಕ್ಕ.

ಬಳೆ, ಕಲ್ಲಿನ ಉಂಗುರ, ಲೋಹದ ಗಡಿಯಾರ ತೆಗೆದಿಟ್ಟು ಹೋಗಿ. ಅರಗಿನ ಬಟ್ಟಲು ನೋಡಲು ಗಟ್ಟಿ, ಗೀರು ಬೀಳಲು ಒಂದು ಉಂಗುರ ಸಾಕು. ನೂರು ವರ್ಷ ಹಳೆಯ ಪಿಂಗಾಣಿಯಲ್ಲಿ ಬಡಿಸುವುದೂ ಅಪರೂಪವಲ್ಲ. ಈ ಊಟದ ಬಹುಪಾಲು ಶಿಸ್ತು ಎರಡೇ ಕಾರಣಕ್ಕೆ ಹುಟ್ಟಿದ್ದು, ಬಿಸಿ ಆರಬಾರದು ಮತ್ತು ಪಾತ್ರೆ ಕೆಡಬಾರದು. ಇದು ತಲೆಯಲ್ಲಿದ್ದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ರಾತ್ರಿಯ ಊಟವಾದರೆ ಮಧ್ಯಾಹ್ನ ಮೂರರ ನಂತರ ಏನೂ ತಿನ್ನಬೇಡಿ. ಒಂದೊಂದು ತಟ್ಟೆಯಲ್ಲೂ ಎರಡು ತುತ್ತು ಇದ್ದಂತೆ ಕಂಡರೂ ಎಂಟು ಹತ್ತು ಬಗೆ ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿ, ಕೊನೆಯ ಅನ್ನಕ್ಕೆ ಜಾಗವಿರುವುದಿಲ್ಲ.

ಒಳಗೆ ಹೋದ ಮೇಲೆ

ಸಮಯಕ್ಕೆ ಐದು ನಿಮಿಷ ಮೊದಲು ತಲುಪಿ. ಇಪ್ಪತ್ತು ನಿಮಿಷ ಮೊದಲು ಹೋಗುವುದೂ ಉಪದ್ರವವೇ, ನಿಲ್ಲಿಸಲು ಅವರಿಗೆ ಜಾಗವಿರುವುದಿಲ್ಲ. ಸಣ್ಣ ಕೌಂಟರ್‌ಗಳಲ್ಲಿ ಎಲ್ಲರಿಗೂ ಒಟ್ಟಿಗೇ ಊಟ ಶುರುಮಾಡುವುದುಂಟು. ನೀವು ಹದಿನೈದು ನಿಮಿಷ ತಡವಾದರೆ ಉಳಿದ ಏಳು ಜನ ಕಾಯಬೇಕು, ಇಲ್ಲವೇ ನಿಮ್ಮ ಮೊದಲ ಬಗೆ ಹೋಗುತ್ತದೆ. ಗಲ್ಲಿಯೊಳಗಿನ ಮನೆಗಳಿಗೆ ಬೋರ್ಡು ಅಂಗೈಯಗಲ. ಮ್ಯಾಪ್ ತಂದು ನಿಲ್ಲಿಸಿದ ಜಾಗದಲ್ಲಿ ಬಾಗಿಲ ಮುಂದೆ ತೂಗುವ ಬಟ್ಟೆ, ಅಂದರೆ ನೋರೆನ್, ಹುಡುಕಿ. ಅದು ತೂಗುತ್ತಿದ್ದರೆ ತೆರೆದಿದೆ ಎಂದರ್ಥ. "ಯೋಯಾಕು ಶಿತಾ" ಎಂದು ನಿಮ್ಮ ಹೆಸರು ಸೇರಿಸಿ "ದೆಸು" ಎಂದರೆ ಬುಕ್ ಮಾಡಿದವರು ಎಂದು ತಿಳಿಯುತ್ತದೆ.

ತತಾಮಿ ಕೋಣೆಯಾದರೆ ಹೊಸ್ತಿಲನ್ನೂ ಚಾಪೆಯ ಬಟ್ಟೆ ಅಂಚನ್ನೂ ತುಳಿಯದೆ ದಾಟಿ. ಕುಳಿತುಕೊಳ್ಳುವ ಜಬುತೋನ್ ದಿಂಬಿನ ಮೇಲೆ ನಿಲ್ಲಬೇಡಿ. ಚಿತ್ರಸುರುಳಿ, ಹೂವು ಇಟ್ಟ ಮೂಲೆ ತೊಕೊನೊಮಾ. ಅಲ್ಲಿ ಚೀಲ ಇಡುವಂತಿಲ್ಲ, ಅದಕ್ಕೆ ಹತ್ತಿರದ ಸೀಟು ಹಿರಿಯರದು. ಮಂಡಿಯೂರಿ ಐದು ನಿಮಿಷ ಕುಳಿತು ನಮಸ್ಕಾರದ ಮಾತು ಮುಗಿದ ಮೇಲೆ ಗಂಡಸರು ಚಕ್ಕಳಮಕ್ಕಳ ಹಾಕಬಹುದು, ಹೆಂಗಸರು ಕಾಲನ್ನು ಒಂದು ಪಕ್ಕಕ್ಕೆ ಮಡಿಸಿ ಕೂರುತ್ತಾರೆ. ಮೇಜಿನ ಕೆಳಗೆ ಕಾಲಿಳಿಬಿಡಲು ಹಳ್ಳ ಇರುವ ಕೋಣೆಗಳೂ ಇವೆ, ಬುಕ್ ಮಾಡುವಾಗ ಕೇಳಿ.

ಕೌಂಟರಿನ ಹಿನೊಕಿ ಹಲಗೆಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ. ಫೋನು, ಕೀಲಿ, ಕನ್ನಡಕ ಅದರ ಮೇಲೆ ಇಡಬೇಡಿ. ಸೋಯಾ ಬಿದ್ದರೆ ಕಲೆ ಉಳಿಯುತ್ತದೆ, ತಕ್ಷಣ ಹೇಳಿ, ಅವರೇ ಒರೆಸುತ್ತಾರೆ. ಒದ್ದೆ ಟವೆಲ್ ಓಶಿಬೊರಿ ಕೈಗೆ ಮಾತ್ರ, ಮುಖ ಕುತ್ತಿಗೆಗಲ್ಲ.

ಫೋಟೊಗೆ ಮೊದಲೇ ಒಮ್ಮೆ ಕೇಳಿ: "ಶಾಶಿನ್ ಇಇ ದೆಸು ಕಾ". ಹೂಂ ಎಂದರೆ ಬಗೆಗೊಂದು, ಫ್ಲ್ಯಾಶ್ ಇಲ್ಲದೆ, ಕುಳಿತಲ್ಲಿಂದಲೇ. ಬಾಣಸಿಗನನ್ನೂ ಪಕ್ಕದವರನ್ನೂ ಸೇರಿಸಬೇಡಿ. ತಟ್ಟೆ ತಿರುಗಿಸಿ, ಎದ್ದು ನಿಂತು, ಬೆಳಕು ಹುಡುಕುವಷ್ಟರಲ್ಲಿ ಊಟ ಸತ್ತುಹೋಗಿರುತ್ತದೆ.

ಮುಚ್ಚಳದ ಬಟ್ಟಲು

ಊಟದ ನಡುವೆ ಬಗೆಗಳ ಕ್ರಮ ಮನೆಯಿಂದ ಮನೆಗೆ ಬೇರೆ. ಸಾಮಾನ್ಯವಾಗಿ ಒಂದೆರಡು ತುತ್ತಿನ ಸಕಿಜುಕೆ, ಮುಚ್ಚಳದ ಸಾರು, ಹಸಿ ಮೀನಿನ ಮುಕೋಜುಕೆ, ಹಸ್ಸುನ್, ಸುಟ್ಟದ್ದು, ಬೇಯಿಸಿದ್ದು, ಹುಳಿ ಬಗೆ, ಕೊನೆಗೆ ಅನ್ನ-ಮಿಸೊ ಸಾರು-ಉಪ್ಪಿನಕಾಯಿ, ಆಮೇಲೆ ಹಣ್ಣು. ಇವುಗಳಲ್ಲಿ ಬಾಣಸಿಗ ತನ್ನ ಮರ್ಯಾದೆಯನ್ನೇ ಪಣಕ್ಕಿಡುವುದು ಸಾರಿನ ಮೇಲೆ. ಅತಿಥಿಗಳು ಹೆಚ್ಚು ಎಡವುವುದೂ ಅಲ್ಲಿಯೇ.

ಒಂದು ರೂಢಿಯ ಅಳತೆ: 1.8 ಲೀಟರ್ ನೀರಿಗೆ 30 ಗ್ರಾಂ ಕೊಂಬು, 60 ಡಿಗ್ರಿಯಲ್ಲಿ ಒಂದು ಗಂಟೆ. ಕೊಂಬು ತೆಗೆದು ನೀರನ್ನು 85 ಡಿಗ್ರಿಗೆ ತಂದು, ಉರಿ ಆರಿಸಿ, 50 ಗ್ರಾಂ ಕತ್ಸುಓಬುಶಿ ಹಾಕಿ ಕೂಡಲೇ ಸೋಸುವುದು. ಕುದಿಸಿದರೆ ಕೊಂಬು ಲೋಳೆ ಬಿಡುತ್ತದೆ, ಮೀನು ಒಗರಾಗುತ್ತದೆ. ಕೊಂಬುವಿನ ಗ್ಲುಟಮೇಟ್ ರುಚಿಯನ್ನು ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಗುರುತಿಸಿದರು, ಕತ್ಸುಓಬುಶಿಯ ಇನೊಸಿನೇಟ್ ಎಂಬ ರುಚಿಯ ಅಂಶವನ್ನು ಶಿಂತಾರೊ ಕೊದಾಮಾ 1913ರಲ್ಲಿ. ಎರಡೂ ಸೇರಿದಾಗ ರುಚಿ ಒಂದಕ್ಕೊಂದು ಕೂಡಿದಷ್ಟೇ ಅಲ್ಲ, ಹಲವು ಪಟ್ಟು ಏರುತ್ತದೆ. ಉಪ್ಪು ನೂರಕ್ಕೆ ಒಂದು ಪಾಲೂ ಇಲ್ಲದೆ ಆ ತಿಳಿನೀರು ಬಾಯಿ ತುಂಬುವುದು ಅದರಿಂದಲೇ.

ಇನ್ನು ತೆರೆಯುವುದು. ಒಳಗಿನ ಹಬೆ ತಣಿದು ನೀರಾದಾಗ ಒತ್ತಡ ಇಳಿದು ಮುಚ್ಚಳ ಬಟ್ಟಲಿಗೆ ಕಚ್ಚಿಕೊಂಡಿರುತ್ತದೆ. ಬಲವಂತವಾಗಿ ಎಳೆದರೆ ಬಟ್ಟಲೇ ಮೇಲೆದ್ದು ಮಡಿಲಿಗೆ ಬೀಳುತ್ತದೆ. ಎಡಗೈಯ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಬಟ್ಟಲಿನ ಅಂಚನ್ನು ಮೆಲ್ಲಗೆ ಹಿಸುಕಿ. ಮರದ ಅಂಚು ಕೂದಲೆಳೆಯಷ್ಟು ಬಾಗಿ ಗಾಳಿ ಒಳಹೋಗುತ್ತದೆ, ಮುಚ್ಚಳ ಬಿಡುತ್ತದೆ. ಬಲಗೈಯಲ್ಲಿ ಮುಚ್ಚಳವನ್ನು ಬಟ್ಟಲ ಮೇಲೆಯೇ ಓರೆಯಾಗಿ ಹಿಡಿದು ಹನಿ ಇಳಿಸಿ, ಅಂಗಾತ ಮಾಡಿ ಬಲಗಡೆ ಇಡಿ. ಮುಚ್ಚಳದ ಒಳಮೈಯಲ್ಲೂ ಚಿತ್ರ ಇರುತ್ತದೆ, ಒಂದು ಕ್ಷಣ ನೋಡಿ. ಹೆಚ್ಚು ಹೊತ್ತಲ್ಲ.

ಮೇಲೆ ತೇಲುವ ಯುಜು ಸಿಪ್ಪೆಯೋ ಕಿನೊಮೆ ಎಲೆಯೋ ಮೂಗಿಗೆ ತಾಗುವುದು ಮುಚ್ಚಳ ತೆಗೆದ ಆ ಗಳಿಗೆಯಲ್ಲೇ. ಎರಡೂ ಕೈಯಿಂದ ಬಟ್ಟಲೆತ್ತಿ, ಬಾಯಿಗೆ ಹಚ್ಚಿ, ಮೊದಲು ಬರೀ ಸಾರು ಒಂದು ಗುಟುಕು. ಸಪ್ಪೆ ಎನಿಸುತ್ತದೆ. ಅದು ತಪ್ಪಲ್ಲ: ಮೊದಲ ಗುಟುಕಿಗೇ ಸರಿಹೋಗುವಷ್ಟು ಉಪ್ಪು ಹಾಕಿದರೆ ಕೊನೆಯ ಗುಟುಕು ಉಪ್ಪುಪ್ಪಾಗುತ್ತದೆ, ನಡುವಿನ ಮೀನಿನ ರಸವೂ ಸಾರಿಗಿಳಿಯಬೇಕಿದೆ. ಆಮೇಲೆ ಮೀನಿನ ಒಂದು ಚೂರು, ಮತ್ತೆ ಸಾರು, ಹೀಗೆ. ಸೋಯಾ ಕೇಳಬೇಡಿ. ನಾಲ್ಕೈದು ನಿಮಿಷದಲ್ಲಿ ಮುಗಿಸಿ, ಮುಚ್ಚಳವನ್ನು ಬಂದಾಗ ಹೇಗಿತ್ತೋ ಹಾಗೇ ಮುಚ್ಚಿ. ಮುಗಿಯಿತೆಂದು ಮಗುಚಿ ಮುಚ್ಚಿದರೆ ಅರಗು ಉಜ್ಜಿ ಗೀರಾಗುತ್ತದೆ.

ಉಳಿದ ಬಗೆಗಳು, ಚಾಪ್‌ಸ್ಟಿಕ್ಕು

ಅಂಗೈಯಲ್ಲಿ ಹಿಡಿಸುವ ಬಟ್ಟಲು, ಸೋಯಾ ಬಟ್ಟಲು, ಅನ್ನದ ಬಟ್ಟಲು ಇವನ್ನು ಎಡಗೈಯಲ್ಲಿ ಎತ್ತಿಕೊಂಡೇ ತಿನ್ನಬೇಕು. ಎಡಗೈ ಎಂದು ಹಿಂಜರಿಯಬೇಡಿ. ಚಪ್ಪಟೆ ತಟ್ಟೆ, ದೊಡ್ಡ ಹರಿವಾಣ ಕೆಳಗೇ ಇರಲಿ. ಬಟ್ಟಲನ್ನೂ ಚಾಪ್‌ಸ್ಟಿಕ್ಕನ್ನೂ ಒಟ್ಟಿಗೆ ಎತ್ತಿದರೆ ಜಾರುವುದು ಖಚಿತ: ಮೊದಲು ಬಟ್ಟಲು ಎರಡು ಕೈಯಲ್ಲಿ, ಎಡಗೈಗೆ ಕೂರಿಸಿ, ಆಮೇಲೆ ಬಲಗೈ ಚಾಪ್‌ಸ್ಟಿಕ್ಕಿಗೆ. ತುತ್ತಿನ ಕೆಳಗೆ ಅಂಗೈ ಒಡ್ಡುವುದು ನಮಗೆ ಮರ್ಯಾದೆಯಂತೆ ಕಂಡರೂ ಅಲ್ಲಿ ಒರಟು. ಸಣ್ಣ ಬಟ್ಟಲನ್ನೇ ಕೆಳಗೆ ಹಿಡಿಯಿರಿ.

ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿಡುವುದು, ಒಬ್ಬರ ಚಾಪ್‌ಸ್ಟಿಕ್ಕಿನಿಂದ ಇನ್ನೊಬ್ಬರದಕ್ಕೆ ದಾಟಿಸುವುದು ಎರಡೂ ಸಾವಿನ ಕರ್ಮಕ್ಕೆ ಸೇರಿದವು. ಇವೆರಡನ್ನು ಮಾತ್ರ ಮರೆತೂ ಮಾಡಬೇಡಿ. ಬಟ್ಟಲ ಮೇಲೆ ಅಡ್ಡ ಇಡುವುದು, ಚುಚ್ಚಿ ತೆಗೆಯುವುದು, ಅದರಿಂದ ತಟ್ಟೆ ಎಳೆಯುವುದು ಕೆಟ್ಟ ನಡತೆ, ಕ್ಷಮೆಯಿದೆ. ಮನೆಯಲ್ಲಿ ಕಡಲೆಬೀಜ ಹೆಕ್ಕಿ ಅಭ್ಯಾಸ ಮಾಡಿಕೊಂಡು ಹೋದರೆ ಸಾಕು.

ಹಸಿ ಮೀನನ್ನು ಬಿಳಿಯದರಿಂದ ಶುರುಮಾಡಿ ಕೊಬ್ಬಿನದಕ್ಕೆ ಬನ್ನಿ, ತಿರುಗಿಸಿ ತಿಂದರೆ ಬಿಳಿ ಮೀನಿನ ರುಚಿಯೇ ಸಿಗದು. ವಸಾಬಿಯನ್ನು ಸೋಯಾದಲ್ಲಿ ಕದಡಬೇಡಿ, ಘಾಟು ಹೋಗುತ್ತದೆ; ತುಂಡಿನ ಮೇಲೆ ಚೂರಿಟ್ಟು, ಇನ್ನೊಂದು ಅಂಚನ್ನಷ್ಟೇ ಅದ್ದಿ. ಹಾಮೊಗೆ ಉಮೆ ಹಣ್ಣಿನ ಹುಳಿ ಚಟ್ನಿ ಕೊಟ್ಟರೆ ಅದನ್ನೇ ಬಳಸಿ.

ಹಸ್ಸುನ್ ಎಂದರೆ ಸುಮಾರು 24 ಸೆಂಟಿಮೀಟರಿನ ಚೌಕ ಹರಿವಾಣ, ಕಡಲು-ಬೆಟ್ಟ ಎರಡರ ಸಣ್ಣ ತಿನಿಸುಗಳು, ಜೊತೆಗೆ ಆ ತಿಂಗಳ ಎಲೆ, ಹೂವು. ಮೇಪಲ್ ಎಲೆ, ಪೈನ್ ಸೂಜಿ, ಬಿದಿರೆಲೆ ತಿನ್ನುವುದಕ್ಕಲ್ಲ. ಕಿನೊಮೆ ತಿನ್ನಬಹುದು. ಸುಟ್ಟ ಮೀನಿನ ಪಕ್ಕದ ಗುಲಾಬಿ ಶುಂಠಿಕಡ್ಡಿಯನ್ನು ಮೀನು ಮುಗಿದ ಮೇಲೆ ಬುಡದಿಂದ ಕಚ್ಚಿ, ನಾರಿನ ಭಾಗ ಬಿಡಿ. ಇಡೀ ಮೀನು ಬಂದರೆ ಮಗುಚಬೇಡಿ: ಮೇಲ್ಭಾಗ ತಿಂದು, ಮುಳ್ಳು ಎತ್ತಿಟ್ಟು, ಕೆಳಭಾಗ. ಎಳೆಯ ಆಯುವನ್ನು ತಲೆಯಿಂದ ಬಾಲದವರೆಗೆ ಹಾಗೇ ತಿನ್ನುತ್ತಾರೆ, ಹೊಟ್ಟೆಯ ಕಹಿಯೇ ಅದರ ಸೊಗಸು. ದೊಡ್ಡದಾದರೆ ಮೈಯನ್ನು ಚಾಪ್‌ಸ್ಟಿಕ್ಕಿನಿಂದ ಒತ್ತಿ ಸಡಿಲಿಸಿ, ಬಾಲ ಮುರಿದು, ತಲೆ ಹಿಡಿದು ಎಳೆದರೆ ಮುಳ್ಳಿನ ಸಾಲು ಪೂರ್ತಿ ಹೊರಬರುತ್ತದೆ.

ಶೌಚಕ್ಕೆ ಹೋಗಬೇಕಾದರೆ ತಟ್ಟೆ ತೆಗೆದ ಕೂಡಲೇ ಏಳಿ, ಬಾಣಸಿಗನ ಕಣ್ಣಿಗೆ ಬೀಳುವಂತೆ. ಮುಂದಿನದು ಪಾತ್ರೆಗೆ ಬಿದ್ದ ಮೇಲೆ ಎದ್ದರೆ ಅವನು ಅದನ್ನು ಹಿಡಿದು ನಿಲ್ಲಬೇಕಾಗುತ್ತದೆ.

ಕುಡಿಯುವುದು ನಿಮ್ಮಿಷ್ಟ. ಸಾಕೆಯ ಅಳತೆ ಒಂದು ಗೋ, ಅಂದರೆ 180 ಮಿ.ಲೀ., ಇಬ್ಬರು ಹಂಚಿಕೊಳ್ಳಬಹುದು. ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳದೆ ಒಬ್ಬರಿಗೊಬ್ಬರು ಸುರಿಯುತ್ತಾರೆ. ಕುಡಿಯದವರು ಒಂದು ಊಲಾಂಗ್ ಚಹಾ ಕೊಂಡರೆ ಚೆನ್ನ, ಕೌಂಟರಿನ ವ್ಯಾಪಾರ ನಡೆಯುವುದು ಪಾನೀಯದ ಮೇಲೆ.

ಅನ್ನ, ಚಹಾ, ಬಿಲ್ಲು

ಮಣ್ಣಿನ ಮಡಕೆಯ ಅನ್ನ ಬಂದರೆ ಊಟ ಕೊನೆಗೆ ಬಂತು ಎಂದು ತಿಳಿಯಿರಿ, ಸಾಕೆಯೂ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಹೊಟ್ಟೆ ತುಂಬಿದ್ದರೆ "ಸುಕುನಾಮೆ ದೆ" ಎನ್ನಿ, ಸ್ವಲ್ಪವೇ ಬಡಿಸುತ್ತಾರೆ. ಬಡಿಸಿಕೊಂಡು ಬಿಡುವುದಕ್ಕಿಂತ ಅದು ವಾಸಿ. ಎರಡನೆಯ ಸಲ ಕೇಳಿದರೆ ಸಂತೋಷವೇ. ಬಿಳಿ ಅನ್ನಕ್ಕೆ ಸೋಯಾ ಸುರಿಯಬೇಡಿ, ಉಪ್ಪಿನಕಾಯಿ ಇರುವುದು ಅದಕ್ಕೆ.

ಕೊನೆಗೆ ಮಾಚಾ ಕೊಟ್ಟರೆ ಸಿಹಿಯನ್ನು ಪೂರ್ತಿ ತಿಂದು ಆಮೇಲೆ ಚಹಾ ಕುಡಿಯಿರಿ. ಬಟ್ಟಲನ್ನು ಎಡ ಅಂಗೈಯಲ್ಲಿಟ್ಟು ಬಲಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಸಾಕು. ಇದು ರೆಸ್ಟೋರೆಂಟ್, ಚಹಾ ಗುರುಗಳ ಮನೆಯಲ್ಲ.

"ಒಕಾಯ್ಕೇ ಒನೆಗಾಯ್ಶಿಮಾಸು" ಎಂದರೆ ಬಿಲ್ಲು ಬರುತ್ತದೆ. ಬುಕಿಂಗ್‌ನಲ್ಲಿ ಕಂಡ ದರಕ್ಕೆ ಸೇವಾ ಶುಲ್ಕ 10ರಿಂದ 15 ಶೇಕಡ, ಆ ಮೊತ್ತದ ಮೇಲೆ 10 ಶೇಕಡ ತೆರಿಗೆ ಸೇರಬಹುದು. 20,000 ಯೆನ್ ಊಟ, 2,500 ಯೆನ್ ಸಾಕೆ ಎಂದುಕೊಳ್ಳಿ: 22,500ಕ್ಕೆ ಹತ್ತು ಶೇಕಡ ಸೇವೆ ಸೇರಿ 24,750, ತೆರಿಗೆ ಸೇರಿ 27,225. ಯೆನ್ ಅರ್ಧ ರೂಪಾಯಿಗಿಂತ ಚೂರು ಮೇಲೆ ಎಂದು ಲೆಕ್ಕ ಹಾಕಿ. ಟಿಪ್ಸ್ ಇಲ್ಲ, ಬಿಟ್ಟು ಬಂದರೆ ಹಿಂದೆ ಓಡಿ ಬಂದು ಕೊಡುತ್ತಾರೆ. ಕಾರ್ಡ್ ತೆಗೆದುಕೊಳ್ಳದ ಮನೆಗಳು ಇನ್ನೂ ಇವೆ, ಬುಕ್ ಮಾಡುವಾಗಲೇ ವಿಚಾರಿಸಿ, ಹೇಗೂ ನಗದು ಇರಲಿ. ಜನ ಜನಕ್ಕೆ ಬೇರೆ ಬಿಲ್ಲು ಕೇಳಬೇಡಿ. ಒಬ್ಬರು ಕೊಟ್ಟು ಹೊರಗೆ ಹಂಚಿಕೊಳ್ಳಿ.

ಹೊರಡುವಾಗ "ಗೊಚಿಸೋಸಾಮಾ ದೆಶಿತಾ" ಎಂದು ತಾಯ್ಶೋಗೆ ತಲೆಬಾಗಿ. ಬಾಗಿಲವರೆಗೆ ಬಂದು ಬೀಳ್ಕೊಡುತ್ತಾರೆ, ಅಲ್ಲಿ ನಿಂತು ಮಾತು ಬೆಳೆಸಬೇಡಿ, ಒಳಗೆ ಮುಂದಿನ ಸರದಿಯ ಕೆಲಸ ಕಾಯುತ್ತಿರುತ್ತದೆ. ಮತ್ತೆ ಬರುವ ಮನಸ್ಸಿದ್ದರೆ ಕೇಳಲು ಇದೇ ಸರಿಯಾದ ಹೊತ್ತು, ಒಮ್ಮೆ ಉಂಡು ಹೋದವರಿಗೆ ಸೀಟು ಸಿಗುವುದು ಸುಲಭ. ಉಳಿದ ಅನ್ನವನ್ನು ಉಂಡೆ ಕಟ್ಟಿ ಕೊಟ್ಟಿದ್ದರೆ ಫ್ರಿಜ್ಜಿಗೆ ಹಾಕಿ ಗಟ್ಟಿ ಮಾಡಬೇಡಿ, ಮಲಗುವ ಮುಂಚೆ ತಿಂದುಬಿಡಿ. ಮೀನು ಬೆರೆಸಿದ ಅನ್ನವಾದರಂತೂ ಬೇಸಿಗೆಯಲ್ಲಿ ಬೆಳಗಿನವರೆಗೆ ಇಡುವ ಮಾತೇ ಇಲ್ಲ.